ಬೇಲಿಯ ಬಣ್ಣ ಅಂಗಡಿಯಲ್ಲಿ ಆರಿಸಬೇಡ್ರಿ

ಬಣ್ಣದ ಅಂಗಡಿಯಲ್ಲಿ ನಿಂತು, ಎರಡು ಬೆರಳಗಲದ ಕಾರ್ಡು ಹಿಡಿದು, "ಇದು ಚೆನ್ನಾಗಿದೆ ಅಲ್ವಾ, ಇದೇ ಇರಲಿ" ಅಂತ ಚಹಾ ಆರುವುದರೊಳಗೆ ಬೇಲಿಯ ಬಣ್ಣ ಮುಗಿಸಿ ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೋದ ವರ್ಷ ನಮ್ಮ ಮೈದುನನ ಮಗ ಹಾಗೇ ಮಾಡಿದ. ನಮ್ಮ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹೊಸ ಮನೆ, ಮುಂದೆ ನಾಲ್ಕು ಗಿಡ, ಸುತ್ತ ಕಟ್ಟಿಗೆ ಬೇಲಿ. ಅದಕ್ಕೆ ನಿಂಬೆಹಣ್ಣಿನ ಹಳದಿ! ಬೆಳಿಗ್ಗೆ ಬಳಿದು ಊಟಕ್ಕೆ ಹೋಗಿದ್ದಾನೆ, ಬಂದು ನೋಡಿದರೆ ಬೇಲಿ ತುಂಬ ಎಳ್ಳು ಉದುರಿಸಿದ ಹಾಗೆ ಹುಳ. ಹೊಲದಲ್ಲಿ ಮೆಣಸಿನ ಗಿಡದ ನಡುವೆ ಹಳದಿ ಅಂಟಿನ ಹಾಳೆ ಕಟ್ಟುತ್ತಾರಲ್ಲ, ಬಿಳಿನೊಣ, ಹೇನು ಬಂದು ಅಂಟಲಿ ಅಂತ? ಇವನು ಅದನ್ನೇ ಇಡೀ ತೋಟದ ಸುತ್ತ ಕಟ್ಟಿದ್ದ. ಒಕ್ಕಲುತನದ ಮನೆಯ ಹುಡುಗ, ಅಷ್ಟೂ ಹೊಳೆಯಬಾರದಾ?

ನಮ್ಮ ಅವ್ವ ಇಳಕಲ್ ಸೀರೆ ತಗೊಳ್ಳುವಾಗ ಅಂಗಡಿಯ ಗಾದಿಯ ಮೇಲೆ ಕೂತು ಯಾವತ್ತೂ ಬಣ್ಣ ಒಪ್ಪಿದವಳಲ್ಲ. ಸೀರೆ ಎತ್ತಿಕೊಂಡು ಸೀದಾ ಬಾಗಿಲಾಚೆ ಬಿಸಿಲಿಗೆ ಬರುವಳು. ಸೆರಗು ಬಿಚ್ಚಿ ಮೈಬಣ್ಣದ ಮೇಲೆ ಹಾಕಿ ನೋಡುವಳು. ಒಳಗೆ ದಾಳಿಂಬೆ ಬಣ್ಣ ಅಂತ ಕಂಡದ್ದು ಹೊರಗೆ ಈರುಳ್ಳಿ ಸಿಪ್ಪೆ ಬಣ್ಣ ಆಗಿರುತ್ತಿತ್ತು. ಬೇಲಿಗೂ ಅದೇ ಲೆಕ್ಕ. ಟ್ಯೂಬ್ ಲೈಟಿನ ಕೆಳಗೆ ಕಂಡ ಬಣ್ಣ ನಿಮ್ಮ ಹಿತ್ತಲಿನ ಬಿಸಿಲಿಗೆ ಬಂದರೆ ಬೇರೆ. ಕಾರ್ಡಿನಲ್ಲಿ ತಣ್ಣಗೆ ಕಂಡದ್ದು ಇಪ್ಪತ್ತು ಮಾರು ಬೇಲಿಗೆ ಬಳಿದರೆ ಕಣ್ಣಿಗೆ ಹೊಡೆಯುತ್ತದೆ. ಸೀರೆ ಮನಸ್ಸಿಗೆ ಬರದಿದ್ದರೆ ಟ್ರಂಕಿನ ತಳಕ್ಕೆ ಹಾಕಬಹುದು, ಬೇಲಿಯನ್ನು ಎಲ್ಲಿ ಮುಚ್ಚಿಡುತ್ತೀರಿ?

ಬಿಳಿ ಬೇಲಿ ಚಿತ್ರದಲ್ಲಿ ಚಂದ. ನಮ್ಮ ಎರಿ, ಅಂದರೆ ಕರಿ ಮಣ್ಣಿನಲ್ಲಿ ಒಂದು ಮಳೆ ಬಿದ್ದರೆ ಮೊಳಕಾಲುದ್ದ ಕರಿ ಚುಕ್ಕೆ, ಉಳಿದ ದಿನ ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಕರಿ ಬಣ್ಣ ಹಚ್ಚಿದರೆ ಗಿಡ ಎದ್ದು ಕಾಣುತ್ತದೆ ನಿಜ, ಆದರೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಬಿಸಿಲಿಗೆ ಆ ಗೇಟಿನ ಚಿಲಕ ಮುಟ್ಟಿ ನೋಡಿ, ರೊಟ್ಟಿ ಹಂಚು ಮುಟ್ಟಿದ ಹಾಗೆ. ಕಟ್ಟಿಗೆಯೂ ಜಾಸ್ತಿ ಕಾದು ಸೊಟ್ಟಗಾಗುತ್ತದೆ. ಇನ್ನು ಗಿಣಿ ಹಸಿರು. "ಗಿಡಕ್ಕೆ ಹೊಂದುತ್ತೆ ಆಂಟಿ" ಅಂತಾರೆ. ಎಲ್ಲಿ ಹೊಂದುತ್ತದೆ? ಡಬ್ಬಿಯ ಹಸಿರು ಹೊಳೆಯುತ್ತದೆ, ಅದರ ಮುಂದೆ ನಿಮ್ಮ ಕರಿಬೇವು, ಮಲ್ಲಿಗೆ ಬಳ್ಳಿ ಬಾಡಿದ ಹಾಗೆ ಕಾಣುತ್ತವೆ. ಹಸಿರೇ ಬೇಕಿದ್ದರೆ ಎಲೆಗಿಂತ ಕಪ್ಪಾದ, ಮಂಕು ಹಸಿರು ತಗೊಳ್ಳಿ.

ನಾನು ಹಚ್ಚುವುದು ಕೆಮ್ಮಣ್ಣಿನ ಬಣ್ಣ. ಅಂಗಡಿಯವರು ಟೆರಾಕೋಟಾ ಅಂತಾರೆ. ಹಳೇ ಬಾಗಲಕೋಟೆಯ ಮನೆಯಲ್ಲಿ ದೀಪಾವಳಿಗೆ ಗೋಡೆಗೆ ಸುಣ್ಣ, ಬುಡಕ್ಕೆ ಒಂದು ಗೇಣು ಕೆಮ್ಮಣ್ಣು ಬಳಿಯುತ್ತಿದ್ದೆವು. ಕೆಸರು ಸಿಡಿಯುವುದು ಬುಡಕ್ಕೇ ಅಂತ ನಮ್ಮ ಅತ್ತೆಗೆ ಗೊತ್ತಿತ್ತು. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಕೆಂಪು, ಬಾದಾಮಿ ಬಂಡೆಯಲ್ಲಿ ಇರುವುದೂ ಅದೇ, ಬಿಸಿಲಿಗೆ ಜಗ್ಗುವುದಿಲ್ಲ. ಕುಂಕುಮದಂಥ ಹೊಳೆಯುವ ಕೆಂಪು ಹಚ್ಚಿದವರ ಗೇಟು ಎರಡು ಬೇಸಿಗೆ ಕಳೆಯುವುದರೊಳಗೆ ಗುಲಾಬಿ ಆಗಿದ್ದನ್ನು ನೋಡಿದ್ದೇನೆ. ಹಾಗಂತ ಗೇಟಿಗೆ ಬರೀ ರೆಡ್ ಆಕ್ಸೈಡ್ ಹೊಡೆದು ಕೆಂಪಾಯಿತಲ್ಲ ಅಂತ ಬಿಡಬೇಡಿ. ಅದು ಅಡಿಬಣ್ಣ, ಒಳಲಂಗ ಇದ್ದ ಹಾಗೆ. ಮೇಲೆ ಸೀರೆ ಉಡಿಸಬೇಕು.

ಈಗ ಬಣ್ಣ ಬಳಿದು ನೋಡುವ ಹಲಗೆಯ ವಿಷಯ. ಇದಕ್ಕೆ ಮನೆಯಲ್ಲಿ ಎಲ್ಲರೂ ನಕ್ಕಿದ್ದಾರೆ, ನಾನು ಬಿಟ್ಟಿಲ್ಲ. ಆಲಮಟ್ಟಿ ಹಿನ್ನೀರು ಬರುತ್ತದೆ ಅಂತ ಮನೆ ಬಿಟ್ಟು ನವನಗರಕ್ಕೆ ಬಂದಾಗ ಹಳೇ ಮಾಳಿಗೆಯ ಜಂತಿ ತಂದು, ಕೊಯ್ಸಿ, ಬೇಲಿ ಮಾಡಿಸಿದೆವು. ಉಳಿದ ತುಂಡುಗಳನ್ನು ನಾನು ಒಲೆಗೆ ಹಾಕಲಿಲ್ಲ. ಬೇಲಿಯ ಕಟ್ಟಿಗೆಯದ್ದೇ ತುಂಡು ಬೇಕು, ಒಂದು ಮೊಳ ಉದ್ದ, ಗೇಣು ಅಗಲ. ರಟ್ಟಿನ ಮೇಲೆ ಬಳಿದು ನೋಡಿದರೆ ಪ್ರಯೋಜನವಿಲ್ಲ, ರಟ್ಟು ಬಣ್ಣ ಕುಡಿಯುವ ರೀತಿಯೇ ಬೇರೆ. ಉಜ್ಜಿ, ಕಟ್ಟಿಗೆ ಪ್ರೈಮರ್ ಕೊಟ್ಟು, ಒಂದು ರಾತ್ರಿ ಬಿಟ್ಟು ಒಂದು ಕೋಟು, ಮತ್ತೊಂದು ರಾತ್ರಿ ಬಿಟ್ಟು ಇನ್ನೊಂದು. ಒಂದೇ ಕೋಟಿಗೆ ನೋಡಿ ತೀರ್ಮಾನ ಮಾಡಬೇಡಿ, ಒಳಗಿನ ಬಿಳಿ ಇಣುಕಿ ಮೋಸ ಮಾಡುತ್ತದೆ. ಒಂದು ಹಲಗೆಗೆ ಒಂದೇ ಬಣ್ಣ, ಒಟ್ಟು ಮೂರು ಹಲಗೆ ಸಾಕು. ಚಿಕ್ಕ ಡಬ್ಬಿ ಸಿಗುತ್ತವೆ, ಜಿಪುಣತನ ಮಾಡಬೇಡಿ.

ಒಣಗಿದ ಹಲಗೆಯನ್ನು ನೆಲದ ಮೇಲೆ ಮಲಗಿಸಬಾರದು. ಮಲಗಿಸಿದರೆ ಆಕಾಶದ ಬೆಳಕು ಬಿದ್ದು ಬಣ್ಣ ತಿಳಿಯಾಗಿ ಕಾಣುತ್ತದೆ. ಬೇಲಿ ಹೇಗೆ ನಿಂತಿದೆಯೋ ಹಾಗೆ ನಿಲ್ಲಿಸಿ, ಗಿಡದ ಹಿಂದೆ, ಎಲೆ ಹಲಗೆಗೆ ತಾಗುವಂತೆ. ಒಂದು ದಿನ ದಾಸವಾಳದ ಹಿಂದೆ, ಒಂದು ದಿನ ಚೆಂಡು ಹೂವಿನ ಹಿಂದೆ. ಬೆಳಿಗ್ಗೆ ಹೂ ಕೊಯ್ಯುವಾಗ ನೋಡಿ, ನಡು ಮಧ್ಯಾಹ್ನ ನೋಡಿ, ದೀಪ ಹಚ್ಚುವ ಹೊತ್ತಿಗೆ ಇನ್ನೊಂದು ಸಲ. ಹತ್ತಿರ ಹೋಗಿ ಮೂಗು ತಾಗಿಸಿ ನೋಡುವುದಲ್ಲ, ಅಡುಗೆಮನೆ ಕಿಟಕಿಯಿಂದ ನೋಡಬೇಕು. ದಿನಾ ನೀವು ಬೇಲಿ ನೋಡುವುದು ಅಲ್ಲಿಂದಲೇ ತಾನೆ? ಕಣ್ಣು ಅರ್ಧ ಮುಚ್ಚಿದಾಗ ಮೊದಲು ಹೂ ಕಂಡರೆ ಆ ಬಣ್ಣ ಪಾಸು, ಹಲಗೆ ಕಂಡರೆ ನಪಾಸು. ಮೂರನೇ ದಿನ ಒಂದು ತಂಬಿಗೆಯಲ್ಲಿ ನಿಮ್ಮದೇ ಹಿತ್ತಲಿನ ಮಣ್ಣು ಕದಡಿ, ಬೆರಳು ಅದ್ದಿ, ಹಲಗೆಯ ಕೆಳ ಅರ್ಧಕ್ಕೆ ಸಿಡಿಸಿ. ಒಣಗಲು ಬಿಡಿ, ಒರೆಸಬೇಡಿ. ಕಲೆ ಯಾವುದರಲ್ಲಿ ಕಡಿಮೆ ಕಾಣುತ್ತದೋ ಅದೇ ನಿಮ್ಮ ಬಣ್ಣ. ಹೀಗೆ ನಾನು ಮಣ್ಣು ಸಿಡಿಸುತ್ತಾ ಕೂತಾಗ ನಮ್ಮ ಮನೆಯವರು "ಬೇಲಿಗೆ ಕನ್ಯಾ ನೋಡಾಕತ್ತೀ ಏನು?" ಅಂದಿದ್ದರು. ನೋಡಾಕತ್ತೀನಿ, ನಿಮಗಿಂತ ನೆಟ್ಟಗೆ ನೋಡ್ತೀನಿ ಅಂದೆ.

ಹಲಗೆ ಒಣಗಿಸುವಾಗ ಜಾಗ ನೋಡಿಕೊಳ್ಳಿ. ಸೊಸೆ ಒಮ್ಮೆ ಮಾಳಿಗೆಯ ಮೇಲೆ ಸಂಡಿಗೆ ಪಕ್ಕದಲ್ಲೇ ಇಟ್ಟಿದ್ದಳು, ಇಡೀ ವರ್ಷದ ಸಂಡಿಗೆಗೆ ಟರ್ಪೆಂಟೈನ್ ವಾಸನೆ. ಅವಳ ಸಂಡಿಗೆಯೂ ಅಷ್ಟಕ್ಕಷ್ಟೇ, ಅಂಚು ತಾನಾಗಿ ಏಳುವ ಮುಂಚೆಯೇ ಕಿತ್ತು ಮಗುಚಿ ಮುರಿಯುತ್ತಾಳೆ. ಅದು ಇನ್ನೊಂದು ದಿನ ಹೇಳುತ್ತೇನೆ.

ಬಳಿಯುವುದು ದಸರೆ ದಾಟಿದ ಮೇಲೆ. ಆಷಾಢದ ಗಾಳಿಯಲ್ಲಿ ಬಳಿದರೆ ಧೂಳು ಕೂತು ಬೇಲಿ ರವೆ ಉಂಡೆ ಆಗುತ್ತದೆ. ಬೇಸಿಗೆಯ ಮಧ್ಯಾಹ್ನ ಬಳಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿ ಉಳಿದು ಸುಕ್ಕಾಗುತ್ತದೆ. ಇಬ್ಬನಿ ಆರಿದ ಮೇಲೆ ಶುರು ಮಾಡಿ, ಸಂಜೆಗೆ ಮುಂಚೆ ಮುಗಿಸಿ. ಹಳೇ ಬಣ್ಣ ಉಜ್ಜಿ ತೆಗೆಯುವುದಿದ್ದರೆ ಕೊತ್ತಂಬರಿ, ಮೆಂತ್ಯದ ಮಡಿಯ ಮೇಲೆ ತಾಡಪತ್ರಿ ಹಾಸಿ, ಒದ್ದೆ ಮಾಡಿ ಉಜ್ಜಿ, ಮೂಗು, ಬಾಯಿಗೆ ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರಬಾರದು ಅಂತ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಹಳದಿ, ಕೆಂಪು, ಹಸಿರಿನಲ್ಲಿ ಸೀಸ ಇರಬಹುದು. ಆ ಪುಡಿ ಪಲ್ಯಕ್ಕೆ ಬೀಳುವುದು ಬೇಡ.

ಎರಡು ಡಬ್ಬಿ ತಂದರೆ ನಂಬರು ಒಂದೇ ಇದ್ದರೂ ಬಕೆಟ್ಟಿಗೆ ಸುರಿದು ಕಲಸಿಯೇ ಬಳಿಯಿರಿ, ಇಲ್ಲದಿದ್ದರೆ ನಡು ಬೇಲಿಯಲ್ಲಿ ಜೋಡು ಹಾಕಿದ ಹಾಗೆ ಕಾಣುತ್ತದೆ. ಉಳಿದದ್ದನ್ನು ಗಾಜಿನ ಬಾಟಲಿಗೆ ಕಂಠಮಟ್ಟ ತುಂಬಿ, ಬಿರಡೆ ಬಿಗಿ ಮಾಡಿ, ಏನು, ಯಾವಾಗಿನದು ಅಂತ ಚೀಟಿ ಅಂಟಿಸಿ ಇಡಿ, ತೇಪೆ ಹಚ್ಚಲು ಬರುತ್ತದೆ. ಹಿತ್ತಲ ಕೋಣೆಯಲ್ಲಿ ಇಡಿ, ಮತ್ತೆ. ನಮ್ಮ ಸೊಸೆ ಉಪ್ಪಿನಕಾಯಿ ಬಾಟಲಿಗೆ ತುಂಬಿ, ಚೀಟಿ ಇಲ್ಲದೆ, ಅಡುಗೆಮನೆಯ ಕಪಾಟಿನಲ್ಲಿ ಇಟ್ಟಿದ್ದಳು. ಕೆಮ್ಮಣ್ಣು ಬಣ್ಣ, ಕೆಂಪು ಮೆಣಸಿನಕಾಯಿ ರಂಜಕದ ಬಾಟಲಿ ಪಕ್ಕದಲ್ಲೇ.