ಪಾರ್ಸೆಲ್‌ಗೆ ಸಾಕ್ಷಿ ಕಟ್ಟುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಬೀದರ್‌ನ ನಮ್ಮ ಮನೆಯಿಂದ ಒಂದು ಬಿದರಿ ಹೂದಾನಿ ಹೊರರಾಜ್ಯದ ಗ್ರಾಹಕರೊಬ್ಬರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಹೋಯಿತು. ಐದನೆಯ ದಿನ ಪಾರ್ಸೆಲ್ ತಲುಪಿದೆ ಎಂದು ಅಂಚೆ ಇಲಾಖೆಯ ಜಾಲತಾಣ ತೋರಿಸಿತು. ಆರನೆಯ ದಿನ ಆ ಗ್ರಾಹಕರು ಫೋನ್ ಮಾಡಿ, ಪೆಟ್ಟಿಗೆಯಲ್ಲಿ ಹಳೆಯ ಪತ್ರಿಕೆಗಳ ಉಂಡೆಗಳನ್ನು ಬಿಟ್ಟು ಬೇರೇನೂ ಇರಲಿಲ್ಲವೆಂದು ಹೇಳಿ ಹಣ ವಾಪಸ್ ಕೇಳಿದರು. ನಾವು ಟ್ರ್ಯಾಕಿಂಗ್ ನಂಬರ್ ಮುಂದಿಟ್ಟೆವು. ಪೆಟ್ಟಿಗೆ ಬಂದಿದ್ದನ್ನು ತಾವೂ ಅಲ್ಲಗಳೆಯುತ್ತಿಲ್ಲ, ಅದರೊಳಗೆ ಹೂದಾನಿ ಇರಲಿಲ್ಲ ಎಂಬುದಷ್ಟೇ ತಮ್ಮ ದೂರು ಎಂದು ಅವರು ಉತ್ತರಿಸಿದಾಗ ನಮ್ಮ ಬಳಿ ಮಾತಿರಲಿಲ್ಲ. ಬುಕಿಂಗ್ ರಸೀದಿಯ ಮೇಲೆ ಪೆಟ್ಟಿಗೆಯ ತೂಕ ಅಚ್ಚಾಗಿರುತ್ತದೆ, ಅಷ್ಟು ತೂಕದ ಸಣ್ಣ ಪೆಟ್ಟಿಗೆಯಲ್ಲಿ ಬರಿಯ ಕಾಗದ ಇರಲು ಸಾಧ್ಯವೇ ಇಲ್ಲ ಎಂಬುದು ಹೊಳೆಯುವ ಹೊತ್ತಿಗೆ ಆ ರಸೀದಿ ಕಸದ ಬುಟ್ಟಿ ಸೇರಿ ವಾರವಾಗಿತ್ತು. ಹಣ ವಾಪಸ್ ಕೊಟ್ಟೆವು.

ಟ್ರ್ಯಾಕಿಂಗ್ ನಂಬರ್ ಇದ್ದರೆ ಸಾಕು ಎಂದು ನಂಬಿರುವ ಮಾರಾಟಗಾರರು ನಮ್ಮ ಭಾಗದಲ್ಲಿ ಬಹಳ ಮಂದಿ ಇದ್ದಾರೆ. 2006ರಲ್ಲಿ ಭೌಗೋಳಿಕ ಸೂಚಿ ಪಡೆದ ಬಿದರಿ ಕಲೆಯ ವಸ್ತುಗಳು, 2019ರಲ್ಲಿ ಅದೇ ಮನ್ನಣೆ ಪಡೆದ ಕಲಬುರಗಿಯ ತೊಗರಿ ಬೇಳೆ, ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಇವೆಲ್ಲ ಈಗ ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಂ ಮೂಲಕವೇ ಬೆಂಗಳೂರು, ಹೈದರಾಬಾದ್, ಪುಣೆಗಳಿಗೆ ಹೋಗುತ್ತಿವೆ. ದೊಡ್ಡ ಮಾರಾಟ ತಾಣಗಳಲ್ಲಿ ಜಗಳ ಬಂದರೆ ಮಧ್ಯೆ ನಿಂತು ತೀರ್ಮಾನಿಸಲು ಒಂದು ವ್ಯವಸ್ಥೆಯಾದರೂ ಇರುತ್ತದೆ; ಫೋನಿನಲ್ಲೇ ಮಾರುವವರಿಗೆ ತಾವೇ ಕೂಡಿಟ್ಟ ಕಾಗದ, ಚಿತ್ರ ಮತ್ತು ಅಂಕಿಗಳ ಹೊರತು ಬೇರೆ ಆಸರೆಯಿಲ್ಲ. ಪೆಟ್ಟಿಗೆ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ಎಂಬುದನ್ನಷ್ಟೇ ನಂಬರ್ ಹೇಳುತ್ತದೆ. ಒಳಗೇನಿತ್ತು, ಯಾರ ಕೈಗೆ ಹೋಯಿತು ಎಂಬುದನ್ನು ಆ ನಂಬರಿಗೆ ಜೋಡಿಸುವ ಕೆಲಸ ಮಾರಾಟಗಾರರದು. ಆ ಜೋಡಣೆಯನ್ನು ಮಾಡುವ ಕ್ರಮ ಇಲ್ಲಿದೆ.

ಆರ್ಡರ್ ಬಂದ ಕೂಡಲೇ

ಹಣ ಬಂದಿದೆಯೇ ಎಂಬುದನ್ನು ನಿಮ್ಮ ಬ್ಯಾಂಕ್ ಖಾತೆಯಲ್ಲಿ ನೋಡಿಯೇ ಖಚಿತಪಡಿಸಿಕೊಳ್ಳಿ. ಗ್ರಾಹಕರು ಕಳಿಸುವ ಸ್ಕ್ರೀನ್‌ಶಾಟ್ ಅನ್ನಾಗಲಿ, ಬ್ಯಾಂಕಿನಿಂದ ಬಂದಂತೆ ಕಾಣುವ ಎಸ್‌ಎಂಎಸ್ ಅನ್ನಾಗಲಿ ನಂಬಿ ವಸ್ತು ಕಳಿಸಬಾರದು. ನಂತರ ಪೂರ್ಣ ಹೆಸರು, ವಿಳಾಸ, ಪಿನ್‌ಕೋಡ್ ಮತ್ತು ಮೊಬೈಲ್ ನಂಬರನ್ನು ಗ್ರಾಹಕರಿಂದಲೇ ಬರಹದಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದನ್ನು ನೀವು ಬರೆದುಕೊಂಡಿದ್ದರೆ ಅದನ್ನು ಮರಳಿ ಅವರಿಗೆ ಸಂದೇಶದಲ್ಲಿ ಕಳಿಸಿ, ಸರಿಯಾಗಿದೆ ಎಂಬ ಉತ್ತರ ಬಂದ ಮೇಲೆಯೇ ಮುಂದುವರಿಯಿರಿ. ಪಾರ್ಸೆಲ್ ಹೊರಟ ಮೇಲೆ ವಿಳಾಸ ಬದಲಿಸಿ ಎಂದು ಕೇಳುವವರಿಗೆ ವಿನಯದಿಂದಲೇ ಇಲ್ಲವೆನ್ನುವುದು ಒಳ್ಳೆಯದು. ಹಣ ಕೊಟ್ಟವರು ಬರೆದುಕೊಟ್ಟ ವಿಳಾಸ ಒಂದು, ಪಾರ್ಸೆಲ್ ಮುಟ್ಟಿದ ವಿಳಾಸ ಇನ್ನೊಂದು ಎಂದಾದರೆ, ತಲುಪಿದ್ದಕ್ಕೆ ಇರುವ ಪುರಾವೆಯೇ ನಿಮಗೆ ವಿರುದ್ಧವಾಗಿ ನಿಲ್ಲುತ್ತದೆ.

ಪೆಟ್ಟಿಗೆ ಮುಚ್ಚುವ ಮುನ್ನ

ಇಡೀ ಕ್ರಮದಲ್ಲಿ ಹೆಚ್ಚು ಕಾಳಜಿ ಬೇಡುವ ಹಂತ ಇದು. ಮೊದಲು ವಸ್ತುವಿನ ಗುರುತನ್ನು ಹಿಡಿದಿಡಬೇಕು. ಮೊಬೈಲ್, ಮಿಕ್ಸರ್‌ಗಳಂಥ ಕಾರ್ಖಾನೆಯ ಸರಕಿಗೆ ಕ್ರಮಸಂಖ್ಯೆ ಇರುತ್ತದೆ, ಅದರ ಚಿತ್ರ ತೆಗೆದರೆ ಆಯಿತು. ಬಿದರಿಗೆ ಅಂಥ ಸಂಖ್ಯೆ ಇಲ್ಲ, ಆದರೆ ಅದಕ್ಕಿಂತ ಗಟ್ಟಿಯಾದ ಗುರುತು ಅದರ ಮೈಮೇಲೆಯೇ ಇದೆ. ಸತು ಮತ್ತು ತಾಮ್ರದ ಎರಕದ ಮೇಲೆ ಕುಶಲಕರ್ಮಿ ಉಳಿಯಿಂದ ಗೀರಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸುವಾಗ ಒಂದು ಬಳ್ಳಿಯ ತಿರುವು ಇನ್ನೊಂದರಂತೆ ಬರುವುದಿಲ್ಲ. ಒಂದೇ ಕೈ ಮಾಡಿದ ಎರಡು ಹೂದಾನಿಗಳನ್ನು ಪಕ್ಕದಲ್ಲಿಟ್ಟು ಹತ್ತಿರದಿಂದ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಆದ್ದರಿಂದ ನಾಲ್ಕೂ ಬದಿಯಿಂದ, ತಳದಿಂದ ಮತ್ತು ಎರಡು ಮೂರು ಕಡೆ ಬಹಳ ಹತ್ತಿರದಿಂದ ಹಗಲು ಬೆಳಕಿನಲ್ಲಿ ಚಿತ್ರ ತೆಗೆದಿಟ್ಟರೆ, ನಾಳೆ ಯಾರಾದರೂ ಬೇರೆ ವಸ್ತುವನ್ನು ವಾಪಸ್ ಕಳಿಸಿ ನಿಮ್ಮದೇ ಎಂದಾಗ ಚಿತ್ರ ಮತ್ತು ವಸ್ತುವನ್ನು ಒಟ್ಟಿಗೆ ತೋರಿಸಬಹುದು. ರೊಟ್ಟಿ, ಬೇಳೆ, ಹಿಂಡಿಗಳಲ್ಲಿ ಇಂಥ ಗುರುತು ಸಿಗದು. ಅಲ್ಲಿ ರೊಟ್ಟಿಗಳನ್ನು ಎಣಿಸಿ ಜೋಡಿಸಿದ ಚಿತ್ರ, ಪ್ಯಾಕೆಟ್ಟಿನ ಮೇಲೆ ತಯಾರಿಸಿದ ದಿನಾಂಕ, ಚೀಲದ ಬಾಯಿಯ ಹೊಲಿಗೆ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ತೂಕವನ್ನು ನೆಚ್ಚಿಕೊಳ್ಳಬೇಕು.

ಮನೆಯಲ್ಲಿ ಒಂದು ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳುವುದನ್ನು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಖಾಲಿ ಪೆಟ್ಟಿಗೆ, ಬಬಲ್ ಶೀಟ್ ಮತ್ತು ಟೇಪು ಸೇರಿ 180 ಗ್ರಾಂ, ಹೂದಾನಿ 640 ಗ್ರಾಂ ಎಂದುಕೊಳ್ಳಿ. ಅಂಚೆ ಕಚೇರಿಯ ರಸೀದಿಯಲ್ಲಿ 820 ಗ್ರಾಂ ಆಸುಪಾಸಿನ ತೂಕ ಬರಬೇಕು. ಖಾಲಿ ಪೆಟ್ಟಿಗೆ ಬಂತು ಎಂಬ ದೂರು ಬಂದ ದಿನ ಈ ಮೂರು ಅಂಕಿಗಳೇ ಮಾತಾಡುತ್ತವೆ, ಏಕೆಂದರೆ ಮೂರನೆಯದನ್ನು ಬರೆದವರು ನೀವಲ್ಲ, ಈ ವ್ಯವಹಾರದಲ್ಲಿ ಯಾವ ಲಾಭನಷ್ಟವೂ ಇಲ್ಲದ ಕೌಂಟರಿನ ಸಿಬ್ಬಂದಿ.

ಪ್ಯಾಕಿಂಗ್‌ನ ವಿಡಿಯೊ ಮಾಡುವವರು ಬಹಳ, ಆದರೆ ಅದನ್ನು ಉಪಯೋಗಕ್ಕೆ ಬರುವಂತೆ ಮಾಡುವವರು ಕಡಿಮೆ. ನಡುವೆ ಎಲ್ಲಿಯೂ ನಿಲ್ಲಿಸದೆ ಒಂದೇ ಓಟದಲ್ಲಿ ವಸ್ತು, ತಕ್ಕಡಿಯ ಅಂಕಿ, ಪೆಟ್ಟಿಗೆಯೊಳಗೆ ಇಡುವುದು, ಟೇಪು ಸುತ್ತುವುದು ಮತ್ತು ವಿಳಾಸದ ಚೀಟಿ ಅಂಟಿಸುವುದು ಕಾಣಬೇಕು. ಟೇಪಿನ ಕೂಡಿಕೆಗಳ ಮೇಲೆ, ಅರ್ಧ ಟೇಪಿಗೂ ಅರ್ಧ ರಟ್ಟಿಗೂ ಬೀಳುವಂತೆ, ಅಳಿಸದ ಶಾಯಿಯಿಂದ ಸಹಿ ಮಾಡಿ. ಯಾರಾದರೂ ಬಿಚ್ಚಿ ಮತ್ತೆ ಅಂಟಿಸಿದ್ದರೆ ಸಹಿಯ ಗೆರೆಗಳು ಒಂದಕ್ಕೊಂದು ಕೂಡುವುದಿಲ್ಲ.

ಕೌಂಟರಿನಲ್ಲಿ

ಟ್ರ್ಯಾಕಿಂಗ್ ಇಲ್ಲದ ಸಾದಾ ಅಂಚೆಯಲ್ಲಿ ಮಾರಾಟದ ಸರಕನ್ನು ಕಳಿಸಬೇಡಿ, ಅದು 200 ರೂಪಾಯಿಯ ಹಿಂಡಿಯ ಪ್ಯಾಕೆಟ್ಟೇ ಆಗಿರಲಿ. ಸಾಗಣೆಯ ಖರ್ಚನ್ನು ಬೆಲೆಯಲ್ಲಿ ಸೇರಿಸಿ ಮೊದಲೇ ತಿಳಿಸಿದರೆ ಬಹುತೇಕ ಗ್ರಾಹಕರು ಒಪ್ಪುತ್ತಾರೆ. ರಿಜಿಸ್ಟರ್ಡ್ ಪೋಸ್ಟ್ ಎಂಬ ಪ್ರತ್ಯೇಕ ಸೇವೆ ಈಗ ಉಳಿದಿಲ್ಲ, ಅದು 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ವಿಲೀನಗೊಂಡಿದೆ. ಆ ವರ್ಷದ ಅಕ್ಟೋಬರ್ 1ರಂದು ಜಾರಿಗೆ ಬಂದ ವ್ಯವಸ್ಥೆಯಲ್ಲಿ ಸ್ಪೀಡ್ ಪೋಸ್ಟ್‌ನ ಜೊತೆಗೆ ಎರಡು ಸೌಲಭ್ಯಗಳನ್ನು ಕೇಳಿ ಪಡೆಯಬಹುದು: ಒಂದು ನೋಂದಣಿ, ಇನ್ನೊಂದು ಒಟಿಪಿ ಆಧಾರಿತ ವಿತರಣೆ. ಎರಡಕ್ಕೂ ತಲಾ 5 ರೂಪಾಯಿ ಮತ್ತು ಜಿಎಸ್‌ಟಿ ನಿಗದಿಯಾಗಿದೆ. ನೋಂದಣಿ ಮಾಡಿಸಿದ ಪಾರ್ಸೆಲ್ ವಿಳಾಸದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಸಲ್ಲುತ್ತದೆ. ಒಟಿಪಿ ಕೇಳಿದ್ದರೆ ವಿಳಾಸದಾರರ ಮೊಬೈಲ್‌ಗೆ ಬಂದ ಸಂಖ್ಯೆಯನ್ನು ಹೇಳಿದ ಮೇಲೆಯೇ ಪೋಸ್ಟ್‌ಮ್ಯಾನ್ ಪೆಟ್ಟಿಗೆ ಕೊಡುತ್ತಾರೆ. ಬಂದೇ ಇಲ್ಲ ಎಂಬ ಸುಳ್ಳಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಬಲವಾದ ತಡೆಯನ್ನು ನಾನು ಕಂಡಿಲ್ಲ. ಕೇಳದಿದ್ದರೆ ಯಾರೂ ತಾವಾಗಿ ಸೇರಿಸುವುದಿಲ್ಲ ಎಂಬುದು ನೆನಪಿರಲಿ.

ಆದರೆ ಒಟಿಪಿಯನ್ನು ಎಲ್ಲೆಡೆ ಕಣ್ಣುಮುಚ್ಚಿ ಬಳಸಲಾಗದು. ಔರಾದ್, ಚಿಂಚೋಳಿ, ಸುರಪುರ ತಾಲ್ಲೂಕುಗಳ ಹಳ್ಳಿ ಮತ್ತು ತಾಂಡಾಗಳಲ್ಲಿ ಮನೆಯ ಫೋನು ದುಡಿಯಲು ಮುಂಬೈಗೋ ಹೈದರಾಬಾದಿಗೋ ಹೋದ ಮಗನ ಜೇಬಿನಲ್ಲಿರುತ್ತದೆ. ಸಂಖ್ಯೆ ಅಲ್ಲಿಗೆ ಹೋಗಿ, ಪೆಟ್ಟಿಗೆ ಇಲ್ಲಿಂದ ಹಿಂದಿರುಗುತ್ತದೆ. ಅಂಥ ವಿಳಾಸಗಳಿಗೆ ಮೊದಲೇ ಫೋನ್ ಮಾಡಿ, ಪಾರ್ಸೆಲ್ ಪಡೆಯುವವರ ಕೈಯಲ್ಲೇ ಇರುವ ನಂಬರ್ ಯಾವುದೆಂದು ಕೇಳಿ ಬರೆಸಿ. ಅದು ಸಾಧ್ಯವಿಲ್ಲದಿದ್ದರೆ ನೋಂದಣಿಯೊಂದೇ ಸಾಕು.

ಬೆಲೆಬಾಳುವ ವಸ್ತುವಾದರೆ ಅಲ್ಲಿಯೇ ವಿಮೆಯನ್ನೂ ಮಾಡಿಸಿ. ವಿಮೆಯಿಲ್ಲದ ಪಾರ್ಸೆಲ್ ಕಳೆದರೆ ಸಿಗುವ ಪರಿಹಾರಕ್ಕೆ ಮಿತಿಯಿದೆ, ಅದು ವಸ್ತುವಿನ ಬೆಲೆಯನ್ನು ನೋಡಿ ಕೊಡುವುದಲ್ಲ. ರಸೀದಿ ಕೈಗೆ ಬಂದ ತಕ್ಷಣ ಹೆಸರು, ಪಿನ್‌ಕೋಡ್ ಮತ್ತು ತೂಕವನ್ನು ಓದಿ ನೋಡಿ. ಬೀದರ್ ಎಂದರೆ 585401, ಕಲಬುರಗಿ ಎಂದರೆ 585101 ಎಂದು ನಮಗೆ ಬಾಯಿಪಾಠ, ಆದರೆ ದೂರದ ಊರಿನ ಪಿನ್‌ಕೋಡ್‌ನಲ್ಲಿ ಒಂದು ಅಂಕಿ ತಪ್ಪಿದರೂ ಪಾರ್ಸೆಲ್ ಬೇರೆ ದಾರಿ ಹಿಡಿಯುತ್ತದೆ. ರಸೀದಿಯ ಅಚ್ಚು ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ, ಕೌಂಟರಿನಿಂದ ಸರಿಯುವ ಮುನ್ನವೇ ಪೆಟ್ಟಿಗೆಯ ಪಕ್ಕದಲ್ಲಿಟ್ಟು ಅದರ ಚಿತ್ರ ತೆಗೆಯಿರಿ.

ಪಾರ್ಸೆಲ್ ದಾರಿಯಲ್ಲಿರುವಾಗ

ಟ್ರ್ಯಾಕಿಂಗ್ ನಂಬರನ್ನು ಅಂದೇ ಗ್ರಾಹಕರಿಗೆ ಕಳಿಸಿ. ಪೆಟ್ಟಿಗೆ ತೆರೆಯುವಾಗ ವಿಡಿಯೊ ಮಾಡಿಟ್ಟುಕೊಳ್ಳಿ, ದೂರಿದ್ದರೆ 48 ಗಂಟೆಯೊಳಗೆ ತಿಳಿಸಿ ಎಂಬ ಎರಡು ಸಾಲನ್ನು ಅದರ ಜೊತೆಗೇ ಬರೆಯಿರಿ. ಈ ಷರತ್ತು ಆರ್ಡರ್ ಪಡೆಯುವಾಗಲೇ ಗ್ರಾಹಕರಿಗೆ ಗೊತ್ತಿರಬೇಕು, ಇಲ್ಲವಾದರೆ ನ್ಯಾಯವಾಗದು. ವಿತರಣೆಯಾದ ದಿನ ಜಾಲತಾಣದ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ.

ದೂರು ಬಂದಾಗ

ದೂರು ಕೊಟ್ಟವರೆಲ್ಲ ಮೋಸಗಾರರಲ್ಲ. ಪಕ್ಕದ ಮನೆಯಲ್ಲೋ ಅಂಗಡಿಯಲ್ಲೋ ಕೊಟ್ಟುಹೋದ ಪಾರ್ಸೆಲ್ ಎರಡು ದಿನ ಅಲ್ಲಿಯೇ ಉಳಿದಿರುವುದು ನಮ್ಮ ಕಡೆ ಹೊಸದೇನಲ್ಲ. "ನಮ್ಮ ಹುಡುಗ ತಗೊಂಡಿಟ್ಟಾನ್ರೀ, ನನಗ ಹೇಳೇ ಇಲ್ಲ" ಎಂದು ಸಂಜೆ ಮತ್ತೆ ಫೋನ್ ಮಾಡಿ ಸಂಕೋಚಪಟ್ಟ ಹಿರಿಯರನ್ನು ನಾನು ಮರೆತಿಲ್ಲ. ಬೆಳಿಗ್ಗೆ ಅವರೊಂದಿಗೆ ಕಟುವಾಗಿ ಮಾತಾಡಿದ್ದರೆ ಆ ಗ್ರಾಹಕರನ್ನು ಕಳೆದುಕೊಳ್ಳುತ್ತಿದ್ದೆವು. ಆದ್ದರಿಂದ ಮೊದಲ ಉತ್ತರ ಸದಾ ಒಂದೇ ಇರಲಿ: ಪೆಟ್ಟಿಗೆಯ ಆರೂ ಬದಿಯ, ವಿಳಾಸದ ಚೀಟಿಯ ಮತ್ತು ಟೇಪಿನ ಮೇಲಿನ ಸಹಿಯ ಚಿತ್ರಗಳನ್ನು ಕಳಿಸಿ ಎಂದು ಗೌರವದಿಂದ ಕೇಳಿ. ಪ್ರಾಮಾಣಿಕರು ಹತ್ತು ನಿಮಿಷದಲ್ಲಿ ಕಳಿಸುತ್ತಾರೆ. ಪೆಟ್ಟಿಗೆಯನ್ನು ಆಗಲೇ ಎಸೆದೆವು, ಹಣ ಈಗಲೇ ಬೇಕು, ಇಲ್ಲದಿದ್ದರೆ ಕೆಟ್ಟ ವಿಮರ್ಶೆ ಬರೆಯುತ್ತೇವೆ ಎಂಬ ಮಾತುಗಳು ಒಟ್ಟಿಗೆ ಬಂದರೆ ಎಚ್ಚರವಾಗಬೇಕು.

ಬಂದೇ ಇಲ್ಲ ಎಂದು ಹಟ ಹಿಡಿದರೆ, ಬುಕ್ ಮಾಡಿದ ಅಂಚೆ ಕಚೇರಿಯಲ್ಲೋ ಇಲಾಖೆಯ 1800 266 6868 ಉಚಿತ ಸಂಖ್ಯೆಯಲ್ಲೋ ತಡಮಾಡದೆ ದೂರು ದಾಖಲಿಸಿ, ವಿತರಣೆಯ ಪುರಾವೆ ಕೇಳಿ. ಕಾರ್ಡಿನಲ್ಲಿ ಹಣ ಕೊಟ್ಟವರು ತಮ್ಮ ಬ್ಯಾಂಕಿನಲ್ಲಿ ತಕರಾರು ಹೂಡಿದರೆ, ನಿಮ್ಮ ಪೇಮೆಂಟ್ ಕಂಪನಿ ಕೆಲವೇ ದಿನಗಳ ಗಡುವಿನಲ್ಲಿ ದಾಖಲೆ ಕೇಳುತ್ತದೆ. ಆರ್ಡರ್ ಸಂದೇಶ, ರಸೀದಿ, ತೂಕ, ವಿತರಣೆಯ ಪುಟ, ಇಷ್ಟನ್ನು ದಿನಾಂಕದ ಕ್ರಮದಲ್ಲಿ ಒಂದೇ ಪಿಡಿಎಫ್ ಮಾಡಿ ಕೊಡಿ. ಸುಳ್ಳು ಪಾವತಿಯಂಥ ನೇರ ವಂಚನೆಯಾಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ತಿಳಿಸಬಹುದು. ಪ್ರಕರಣ ನ್ಯಾಯಾಲಯಕ್ಕೆ ಹೋದರೆ, ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಸೆಕ್ಷನ್ 63 ವಿದ್ಯುನ್ಮಾನ ದಾಖಲೆಯ ಜೊತೆಗೆ, ಅದು ಯಾವ ಸಾಧನದಿಂದ ಬಂತು ಎಂದು ತಿಳಿಸುವ ಪ್ರಮಾಣಪತ್ರವನ್ನು ಕೇಳುತ್ತದೆ. ಆ ಕಾರಣಕ್ಕೆ ವಿಡಿಯೊದ ಮೂಲ ಕಡತವನ್ನು ಫೋನಿನಲ್ಲೇ ಉಳಿಸಿಕೊಳ್ಳಿ; ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಸಣ್ಣದಾದ ಪ್ರತಿಯೊಂದನ್ನೇ ನೆಚ್ಚಬೇಡಿ. ಎಷ್ಟೇ ಸಿಟ್ಟು ಬಂದರೂ ಗ್ರಾಹಕರ ಹೆಸರು, ಫೋನ್ ನಂಬರನ್ನು ಜಾಲತಾಣಗಳಲ್ಲಿ ಹಾಕಬೇಡಿ. ಅಲ್ಲಿಂದ ತಪ್ಪು ನಿಮ್ಮದಾಗುತ್ತದೆ.

ವಾಪಸ್ ಬರುವ ಪೆಟ್ಟಿಗೆ

ವಸ್ತು ಮರಳಿ ಕೈಗೆ ಬಂದು, ಪರೀಕ್ಷಿಸಿದ ಮೇಲೆಯೇ ಹಣ ಹಿಂದಿರುಗಿಸಬೇಕು. ವಾಪಸ್ ಕಳಿಸಿದ್ದೇವೆ ಎಂದು ಕೇವಲ ಒಂದು ನಂಬರ್ ಬರೆದು ಹಣ ಕೇಳುವವರಿದ್ದಾರೆ. ಆ ನಂಬರ್ ಮನಬಂದಂತೆ ಬರೆದದ್ದೇ ಎಂಬುದನ್ನು ಪತ್ತೆಹಚ್ಚುವ ಲೆಕ್ಕವೊಂದಿದೆ. ಸ್ಪೀಡ್ ಪೋಸ್ಟ್ ನಂಬರ್ ಒಟ್ಟು 13 ಸ್ಥಾನಗಳದ್ದು: ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಯಲ್ಲಿ ಭಾರತದ ಗುರುತಾದ ಐ ಮತ್ತು ಎನ್ ಅಕ್ಷರಗಳು. ಒಂಬತ್ತರಲ್ಲಿ ಕೊನೆಯ ಅಂಕಿ ಉಳಿದ ಎಂಟರಿಂದ ಲೆಕ್ಕಹಾಕಿ ಬಂದದ್ದು. ಆ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಿ, ಮೊತ್ತವನ್ನು 11ರಿಂದ ಭಾಗಿಸಿ, ಉಳಿದ ಶೇಷವನ್ನು 11ರಿಂದ ಕಳೆಯಬೇಕು. ಉತ್ತರ 10 ಬಂದರೆ 0 ಎಂದೂ, 11 ಬಂದರೆ 5 ಎಂದೂ ತೆಗೆದುಕೊಳ್ಳಬೇಕು. ಉದಾಹರಣೆಗೆ 12345678 ಎಂಬ ಅಂಕಿಗಳಿಗೆ ಮೊತ್ತ 204, ಶೇಷ 6, ಉತ್ತರ 5. ಹಾಗಾಗಿ ನಂಬರ್ 123456785 ಎಂದಿರಬೇಕು. ಬೇರೆ ಅಂಕಿ ಇದ್ದರೆ ಆ ನಂಬರ್ ಸರಿಯಲ್ಲ. ಬರೆಯುವಾಗ ಅಂಕಿ ತಪ್ಪಿರಲೂಬಹುದು, ಹಾಗಾಗಿ ಆರೋಪ ಮಾಡುವ ಮೊದಲು ರಸೀದಿಯ ಚಿತ್ರವನ್ನು ಕೇಳಿ.

ಪೆಟ್ಟಿಗೆ ಬಂದಾಗ ತೆರೆಯುವ ಮೊದಲು ತಕ್ಕಡಿಯ ಮೇಲಿಡಿ. ಕಳಿಸುವಾಗ ಮಾಡಿದಂತೆಯೇ ನಿಲ್ಲಿಸದ ಒಂದು ವಿಡಿಯೊದಲ್ಲಿ ತೂಕ, ಟೇಪು, ವಿಳಾಸದ ಚೀಟಿ ಮತ್ತು ಒಳಗಿನ ವಸ್ತುವನ್ನು ತೋರಿಸಿ, ಹಳೆಯ ಚಿತ್ರಗಳನ್ನು ಪಕ್ಕದಲ್ಲಿಟ್ಟು ಬೆಳ್ಳಿಯ ಬಳ್ಳಿಯ ತಿರುವುಗಳನ್ನು ಒಂದೊಂದಾಗಿ ಹೋಲಿಸಿ ನೋಡಿ. ಅದು ನಿಮ್ಮದೇ ವಸ್ತು, ಹಾನಿಯೂ ಆಗಿಲ್ಲ ಎಂದು ಖಚಿತವಾದರೆ ಅದೇ ದಿನ ಹಣ ಕಳಿಸಿ, ಕಳಿಸಿದ ಪುರಾವೆಯನ್ನು ಅದೇ ಆರ್ಡರಿನ ಕಡತಕ್ಕೆ ಸೇರಿಸಿ.