ಟ್ರ್ಯಾಕ್‌ಗೆ ಇಳಿಯುವ ಕಾರಿಗೆ ಆಯಿಲ್ ಕೂಲರ್: ಆಯ್ಕೆ ಮತ್ತು ಅಳವಡಿಕೆ

ಚಿಕ್ಕಮಗಳೂರಿನವರಿಗೆ ಕಾಫಿ ತೋಟದ ಮಣ್ಣು ರಸ್ತೆಯ ರ‍್ಯಾಲಿ ಹೊಸದಲ್ಲ. ಆದರೆ ಕಾರನ್ನು ಟ್ರ್ಯಾಕ್‌ನಲ್ಲಿ ಓಡಿಸಬೇಕೆಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಸಮೀಪದ ಇರುಂಗಾಟುಕೋಟೈಗೋ ಘಟ್ಟ ಇಳಿದು ಹೋಗಬೇಕು. ಚಾರ್ಮಾಡಿ ಘಾಟಿಯನ್ನು ಎಷ್ಟೇ ಜೋರಾಗಿ ಹತ್ತಿದರೂ ತಿರುವು ತಿರುವಿಗೆ ಆಕ್ಸಿಲರೇಟರ್ ಬಿಡಲೇಬೇಕಾಗುವುದರಿಂದ ಆಯಿಲ್‌ಗೆ ಉಸಿರಾಡಲು ಬಿಡುವು ಸಿಗುತ್ತದೆ. ಟ್ರ್ಯಾಕ್‌ನಲ್ಲಿ ಸುತ್ತಿನ ಮೇಲೆ ಸುತ್ತು ಎಂಜಿನ್ ತನ್ನ ಗರಿಷ್ಠ ವೇಗದ ಮಿತಿಯಾದ ಕೆಂಪು ಗೆರೆಯ ಹತ್ತಿರವೇ ತಿರುಗುತ್ತಿರುವುದರಿಂದ ಆಯಿಲ್ ಕಾಯುತ್ತಲೇ ಹೋಗುತ್ತದೆ. ಆದ್ದರಿಂದ ಘಾಟಿಯಲ್ಲಿ ಏನೂ ಆಗದ ಕಾರು ಟ್ರ್ಯಾಕ್‌ನಲ್ಲಿಯೂ ತಡೆದುಕೊಳ್ಳುತ್ತದೆ ಎಂದು ಭಾವಿಸುವಂತಿಲ್ಲ.

ಎಂಜಿನ್ ಆಯಿಲನ್ನು ಗಾಳಿಯಿಂದ ತಣಿಸುವ ಪುಟ್ಟ ರೇಡಿಯೇಟರೇ ಆಯಿಲ್ ಕೂಲರ್. ಅದಕ್ಕೆ ಹಣ ಸುರಿಯುವ ಮೊದಲು ಆಯಿಲ್ ಟೆಂಪರೇಚರ್ ಗೇಜ್ ಹಾಕಿಸಿ. ಡ್ಯಾಶ್‌ಬೋರ್ಡ್‌ನ ಮುಳ್ಳು ತೋರಿಸುವುದು ರೇಡಿಯೇಟರ್ ನೀರಿನ ಶಾಖವನ್ನು ಮಾತ್ರ. ನೀರು ಸಮಸ್ಥಿತಿಯಲ್ಲಿದ್ದರೂ ಆಯಿಲ್ ಕೆಲವು ಸುತ್ತುಗಳ ನಂತರ ಮೇಲೇರುತ್ತ ಹೋಗಬಹುದು. ಸೆನ್ಸರನ್ನು ಆಯಿಲ್ ಚೇಂಬರ್‌ನಲ್ಲಿ ಕೂರಿಸುವುದು ಉತ್ತಮ. ಗೇಜ್ ತೋರಿಸುವ ಶಾಖ 90ರಿಂದ 110 ಡಿಗ್ರಿ ಸೆಲ್ಸಿಯಸ್ ನಡುವೆ ನಿಂತರೆ ಕೂಲರ್ ಅನಗತ್ಯ. 120ರ ಆಸುಪಾಸಿನಲ್ಲಿ ನಿಂತರೆ ಒಳ್ಳೆಯ ಸಿಂಥೆಟಿಕ್ ಆಯಿಲ್, ಬೇಗ ಬೇಗ ಆಯಿಲ್ ಬದಲಾವಣೆ ಮತ್ತು ಕೊನೆಗೊಂದು ನಿಧಾನದ ಸುತ್ತು ಸಾಕಾಗುತ್ತದೆ. 130 ದಾಟಿ ಏರುತ್ತಲೇ ಇದ್ದರೆ ಮಾತ್ರ ಕೂಲರ್ ಬೇಕು, ಏಕೆಂದರೆ 100 ಡಿಗ್ರಿಯಲ್ಲಿದ್ದ ಆಯಿಲ್‌ನ ಮಂದತೆ 130ರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದು, ಬೇರಿಂಗ್‌ಗಳ ನಡುವಿನ ಪದರ ತೆಳುವಾಗುತ್ತದೆ.

ಆಯ್ಕೆಯ ವಿಷಯದಲ್ಲಿ ನಮ್ಮೂರಿನವರು ನೆನಪಿಡಬೇಕಾದ ಸಂಗತಿಯೊಂದಿದೆ. ಈ ಕಾರು ವರ್ಷದಲ್ಲಿ ಕೆಲವೇ ದಿನ ಟ್ರ್ಯಾಕ್‌ನಲ್ಲಿರುತ್ತದೆ; ಉಳಿದ ದಿನಗಳಲ್ಲಿ ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದ ಊರಿನ ಚಳಿಯಲ್ಲಿ, ಮಳೆಗಾಲದ ಮಂಜಿನಲ್ಲಿ, ಪೇಟೆಗೂ ತೋಟಕ್ಕೂ ನಡುವಿನ ಚಿಕ್ಕ ಓಡಾಟದಲ್ಲಿ ಕಳೆಯುತ್ತದೆ. ಆಯಿಲ್ ಸರಿಯಾಗಿ ಕಾಯದಿದ್ದರೆ ಅದರಲ್ಲಿ ಸೇರಿದ ತೇವಾಂಶವೂ ಪೆಟ್ರೋಲೂ ಆವಿಯಾಗದೆ ಉಳಿದು, ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲಿನ ಕಾಫಿಯ ಬಣ್ಣದ ಕೆನೆ ಕಟ್ಟುತ್ತದೆ. ಆದ್ದರಿಂದ 80 ಡಿಗ್ರಿಯ ಆಸುಪಾಸಿನಲ್ಲಿ ತಾನಾಗಿ ತೆರೆಯುವ ಕವಾಟ, ಅಂದರೆ ಥರ್ಮೋಸ್ಟಾಟ್ ಇರುವ, ಆಯಿಲನ್ನು ಕೂಲರ್‌ಗೆ ತಿರುಗಿಸುವ ಸ್ಯಾಂಡ್‌ವಿಚ್ ಪ್ಲೇಟನ್ನೇ ತೆಗೆದುಕೊಳ್ಳಬೇಕು. ಥರ್ಮೋಸ್ಟಾಟ್ ಇಲ್ಲದ ಅಗ್ಗದ ಪ್ಲೇಟ್ ಬರೀ ಟ್ರ್ಯಾಕ್ ಕಾರಿಗೆ ನಡೆದೀತು, ಮಲೆನಾಡಿನ ಕಾರಿಗೆ ಖಂಡಿತ ಬೇಡ.

ಕೊಳವೆಗೆ ರೆಕ್ಕೆ ಸುತ್ತಿದ ಹಳೆಯ ಮಾದರಿಗಿಂತ ತಟ್ಟೆಗಳನ್ನು ಜೋಡಿಸಿದ ಸ್ಟ್ಯಾಕ್ಡ್ ಪ್ಲೇಟ್ ಕೂಲರ್ ಅದೇ ಅಳತೆಯಲ್ಲಿ ಹೆಚ್ಚು ಶಾಖವನ್ನು ಹೊರಹಾಕುತ್ತದೆ. 1.2ರಿಂದ 1.6 ಲೀಟರ್‌ನ ಸಾಧಾರಣ ಪೆಟ್ರೋಲ್ ಎಂಜಿನ್‌ಗೆ ಸುಮಾರು 13 ಸಾಲಿನ ಕೂಲರ್‌ನಿಂದ ಆರಂಭಿಸಬಹುದು. ಟರ್ಬೊ ಇದ್ದರೆ 19 ಸಾಲಿನದನ್ನು ಯೋಚಿಸಬಹುದು. ದೊಡ್ಡದಿದ್ದಷ್ಟೂ ಒಳ್ಳೆಯದೆಂಬುದು ತಪ್ಪು, ಏಕೆಂದರೆ ಅದು ರೇಡಿಯೇಟರ್‌ನ ಗಾಳಿಯನ್ನು ತಡೆದು ನೀರಿನ ಶಾಖವನ್ನೇ ಏರಿಸಬಹುದು. ಎಂಜಿನ್ ಸೀಜ್ ಆದ ಕಾರಿನಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಕೂಲರನ್ನು ಬಿಟ್ಟಿ ಕೊಟ್ಟರೂ ಮುಟ್ಟಬೇಡಿ. ಒಳಗೆ ಸಿಕ್ಕಿಕೊಂಡ ಲೋಹದ ಚೂರುಗಳು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ಹೆಚ್ಚಿನವರು ಎಡವುವುದು ಹೋಸ್ ಪೈಪಿನಲ್ಲಿ. ಜೆಸಿಬಿ, ಟ್ರ್ಯಾಕ್ಟರ್‌ಗಳಿಗೆ ಹೋಸ್ ಮಾಡಿಕೊಡುವ ಅಂಗಡಿಯಲ್ಲಿ ಹೋಸ್ ತುದಿಗೆ ಫಿಟ್ಟಿಂಗ್ ಒತ್ತಿ ಕೂರಿಸುವ ಕ್ರಿಂಪ್ ಮಾಡಿಸಿದರೆ ಅಗ್ಗವಾಗುತ್ತದೆ, ನಿಜ. ಆದರೆ ಸಾಮಾನ್ಯ ಹೈಡ್ರಾಲಿಕ್ ಹೋಸ್ ಒತ್ತಡವನ್ನು ಧಾರಾಳವಾಗಿ ತಡೆದರೂ ಅದರ ಶಾಖದ ಮಿತಿ ಸಾಮಾನ್ಯವಾಗಿ 100 ಡಿಗ್ರಿಯಷ್ಟೇ. 150 ಡಿಗ್ರಿ ತಡೆಯುವ ಹೋಸ್ ಬೇಕೆಂದು ಕೇಳಿ, ಮೈಮೇಲೆ ಮುದ್ರಿಸಿದ್ದನ್ನು ಓದಿಯೇ ಕೊಳ್ಳಿ. ಹೋಸ್‌ನ ಅಳತೆ ಎಎನ್-10 ಇರಲಿ (ಎಎನ್ ಎಂಬುದು ಹೋಸ್, ಫಿಟ್ಟಿಂಗ್‌ಗಳ ಅಳತೆಯ ಸಂಕೇತ). ಸ್ಕ್ರೂ ಕ್ಲಿಪ್ ಬಿಗಿದು ಮುಗಿಸುವುದು ಬೇಡವೇ ಬೇಡ, ತಣ್ಣನೆಯ ಆಯಿಲ್‌ನ ಒತ್ತಡ 5–6 ಬಾರ್ ಮುಟ್ಟುವುದುಂಟು. ಸ್ಟೀಲ್ ಹೆಣಿಗೆಯ ಹೋಸನ್ನು ಕತ್ತರಿಸುವ ಕಡೆ ಮೊದಲು ಟೇಪ್ ಬಿಗಿಯಾಗಿ ಸುತ್ತಿ, ಕತ್ತರಿಸಿದ ಮೇಲೆ ಒಳಗೆ ಉಳಿದ ರಬ್ಬರ್ ಪುಡಿಯನ್ನು ಗಾಳಿ ಹೊಡೆದು ತೆಗೆಯಿರಿ.

ಕೂಲರನ್ನು ರೇಡಿಯೇಟರ್ ಮುಂದೆ ಸ್ವಲ್ಪ ಅಂತರ ಬಿಟ್ಟು, ರಬ್ಬರ್ ಬುಷ್‌ಗಳ ಮೇಲೆ ಕೂರಿಸಬೇಕು. ಅದರ ಬಾಯಿಗಳು ಮೇಲಕ್ಕೋ ಪಕ್ಕಕ್ಕೋ ಇರಲಿ. ಕೆಳಮುಖವಾಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ನುಸುಳದಂತೆ ಅಲ್ಯೂಮಿನಿಯಂ ತಗಡಿನಿಂದ ದಾರಿ ಕಟ್ಟಿಕೊಡಿ. ಸ್ಯಾಂಡ್‌ವಿಚ್ ಪ್ಲೇಟ್ ಎಂಜಿನ್ ಬ್ಲಾಕ್‌ಗೂ ಆಯಿಲ್ ಫಿಲ್ಟರ್‌ಗೂ ನಡುವೆ ಕೂರುತ್ತದೆ, ಎಂ20×1.5 ಮತ್ತು ಮುಕ್ಕಾಲು ಇಂಚಿನ ಥ್ರೆಡ್‌ಗಳು ನೋಟಕ್ಕೆ ಒಂದೇ ಎನಿಸುವುದರಿಂದ ಹಳೆಯ ಫಿಲ್ಟರ್ ಹಿಡಿದು ತಾಳೆ ನೋಡಿ. ಫಿಲ್ಟರ್ ಕೆಳಮುಖವಾಗಿರುವ ಕಾರಿನಲ್ಲಿ ಪ್ಲೇಟಿನ ದಪ್ಪದಷ್ಟು ಅದು ಕೆಳಗೆ ಇಳಿಯುತ್ತದೆ. ತೋಟದ ರಸ್ತೆಯ ನಡುದಿಬ್ಬಕ್ಕೆ ತಾಗುವಂತಿದ್ದರೆ ಗಿಡ್ಡ ಫಿಲ್ಟರ್ ಹುಡುಕಬೇಕು, ಇಲ್ಲವೇ ಎಂಜಿನ್ ಅಡಿಗೆ ರಕ್ಷಣೆಯ ಸ್ಕಿಡ್ ಪ್ಲೇಟ್ ಹಾಕಿಸಬೇಕು. ಹೋಸ್‌ಗಳು ಸೈಲೆನ್ಸರ್ ಪೈಪಿನಿಂದಲೂ ಬೆಲ್ಟ್‌ಗಳಿಂದಲೂ ದೂರವಿರಲಿ. ಎಂಜಿನ್ ಅಲುಗಾಡುವಷ್ಟು ಸಡಿಲ ಬಿಡಿ.

ಎಲ್ಲ ಬಿಗಿದ ಮೇಲೆ ನೇರವಾಗಿ ಸ್ಟಾರ್ಟ್ ಮಾಡಬಾರದು. ಕೂಲರ್‌ಗೆ ಕೈಯಿಂದಲೇ ಆಯಿಲ್ ತುಂಬಿಸಿ, ಫ್ಯೂಯಲ್ ಪಂಪಿನ ಫ್ಯೂಸ್ ಮತ್ತು ಇಗ್ನಿಷನ್ ಕನೆಕ್ಟರ್ ತೆಗೆದು, ಆಯಿಲ್ ದೀಪ ಆರುವವರೆಗೆ ಹತ್ತು ಹತ್ತು ಸೆಕೆಂಡಿನಂತೆ ಸೆಲ್ಫ್ ಹೊಡೆಯಿರಿ. ಬಳಿಕ ಐಡಲ್‌ನಲ್ಲಿ ಬಿಟ್ಟು ಟಾರ್ಚ್ ಹಿಡಿದು ಪ್ರತಿ ಜೋಡಣೆಯನ್ನೂ ನೋಡಿ, ಎಂಜಿನ್ ನಿಲ್ಲಿಸಿ ಡಿಪ್‌ಸ್ಟಿಕ್ ಪರೀಕ್ಷಿಸಿ. ಮೂಡಿಗೆರೆ ಕಡೆಗೊಮ್ಮೆ ಹೋಗಿಬಂದು, ಥರ್ಮೋಸ್ಟಾಟ್ ತೆರೆಯುವಷ್ಟು ಆಯಿಲ್ ಕಾದ ನಂತರ ಇನ್ನೊಮ್ಮೆ ಮಟ್ಟ ನೋಡಲೇಬೇಕು, ಏಕೆಂದರೆ ಕೂಲರ್‌ನಲ್ಲಿ ಉಳಿದಿದ್ದ ಗಾಳಿ ಹೊರಬಂದ ಮೇಲೆಯೇ ನಿಜವಾದ ಮಟ್ಟ ತಿಳಿಯುತ್ತದೆ. ಎಷ್ಟು ಹೆಚ್ಚುವರಿ ಆಯಿಲ್ ಹಿಡಿಯಿತೆಂಬುದನ್ನು ಬರೆದಿಟ್ಟುಕೊಂಡರೆ ಮುಂದಿನ ಸರ್ವಿಸ್‌ನಲ್ಲಿ ಮೆಕ್ಯಾನಿಕ್ ಕಂಪನಿ ಹೇಳಿದಷ್ಟನ್ನೇ ತುಂಬಿ ಕಳುಹಿಸುವ ಅಪಾಯ ತಪ್ಪುತ್ತದೆ. ಬೇಸಿಗೆಯ ಕೆಂಪು ಧೂಳು ರೆಕ್ಕೆಗಳಲ್ಲಿ ಅಂಟುವುದರಿಂದ ಟ್ರ್ಯಾಕ್‌ಗೆ ಹೊರಡುವ ಮೊದಲು ಕಡಿಮೆ ಒತ್ತಡದ ನೀರಿನಿಂದ ಒಳಬದಿಯಿಂದ ಹೊರಕ್ಕೆ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.