ಹಳೇ ಜೆನ್‌ನಲ್ಲಿ ಆಗುಂಬೆ ಇಳಿಯುವುದು ಹೇಗೆ?

ನನ್ನದು 1997ರ ಮಾರುತಿ ಜೆನ್. 993 ಸಿಸಿ, ಕಾರ್ಬ್ಯುರೇಟರ್ ಎಂಜಿನ್. ಪವರ್ ಸ್ಟಿಯರಿಂಗ್ ಇಲ್ಲ, ಬ್ರೇಕ್ ಒತ್ತಿದಾಗ ಚಕ್ರ ನಿಂತು ಜಾರದಂತೆ ತಡೆಯುವ ಎಬಿಎಸ್ ಇಲ್ಲ.

ಮಂಗಳೂರಿನ ಅಕ್ಕನ ಮಗ ಈಚೆಗೆ ಹೊಸ ಕಾರು ತಂದ. ರಸ್ತೆಯ ಗೆರೆ ದಾಟಿದರೆ ಅದೇ ಸ್ಟಿಯರಿಂಗ್ ಎಳೆದು ಸರಿಮಾಡುತ್ತದೆ. ಪಡುಬಿದ್ರಿ ತನಕ ಓಡಿಸಿ ನೋಡಿದೆ. ಆರಾಮಾಗಿತ್ತು. ಆದರೆ ಟೈರಿನ ಕೆಳಗೆ ರಸ್ತೆ ಹೇಗಿದೆ ಅಂತ ಕೈಗೆ ಗೊತ್ತಾಗಲೇ ಇಲ್ಲ. ನನಗೆ ಬೇಕಾದದ್ದು ಅದೇ. 1996ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಲೋಟಸ್ ಎಲೀಸ್ ಸುಮಾರು 725 ಕಿಲೋ ತೂಗುತ್ತಿತ್ತು. ಅದರಲ್ಲಿ ಪೆಡಲ್ ಒತ್ತುವ ಕಾಲಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರ್ ಕೂಡ ಇರಲಿಲ್ಲ. ಅಂಥ ಕಾರು ನಮ್ಮ ಕೈಗೆ ಎಟಕುವುದಿಲ್ಲ. ಜೆನ್ ಕೂಡ ಮುಕ್ಕಾಲು ಟನ್ ಆಸುಪಾಸು. ಆ ರುಚಿಯಲ್ಲಿ ಸ್ವಲ್ಪ ಇದರಲ್ಲೂ ಸಿಗುತ್ತದೆ.

ಕೊಳ್ಳುವಾಗ ಎಂಜಿನ್‌ಗಿಂತ ಮೊದಲು ತುಕ್ಕು ನೋಡಿ. ನಮ್ಮ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ತಗಡನ್ನು ಒಳಗಿಂದಲೇ ತಿನ್ನುತ್ತವೆ. ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು ಕೆಳಗೆ ನೋಡಿ, ಬಾಗಿಲಿನ ಅಡಿಭಾಗ ತಡವಿ. ಬಟ್ಟೆ ಸುತ್ತಿದ ಆಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ. ಹದಿನೈದು ವರ್ಷ ದಾಟಿದ ಕಾರಾದ್ದರಿಂದ ಆರ್‌ಸಿ ನವೀಕರಣ ಯಾವಾಗ ಆಗಿದೆ ನೋಡಿ. ಒಮ್ಮೆ ಮಾಡಿದರೆ ಐದು ವರ್ಷ.

ಸ್ಟಿಯರಿಂಗ್‌ಗೆ ಒಂದೇ ನಿಯಮ: ನಿಂತಲ್ಲೇ ತಿರುಗಿಸಬೇಡಿ. ಚಕ್ರ ಒಂದು ಗೇಣು ಉರುಳಲಿ, ಆಮೇಲೆ ತಿರುಗಿಸಿ. ಹಗುರಾಗುತ್ತದೆ. ಟೈರಿನಲ್ಲಿ ಗಾಳಿ ಕಡಿಮೆಯಾದರೆ ಭಾರ. ಚಂದ ಕಾಣುತ್ತದೆ ಅಂತ ಅಗಲದ ಟೈರ್ ಹಾಕಿದರೂ ಭಾರ.

ಬ್ರೇಕ್ ಕಲಿಯಲು ಸಮಯ ಬೇಕು. ಜೋರಾಗಿ ಒತ್ತಿದರೆ ಚಕ್ರ ಕಚ್ಚಿಕೊಳ್ಳುತ್ತದೆ. ಮುಂದಿನ ಚಕ್ರ ಉರುಳದಿದ್ದರೆ ನೀವು ಎಷ್ಟೇ ತಿರುಗಿಸಿ, ಕಾರು ನೇರ ಹೋಗುತ್ತದೆ. ಹೆಬ್ರಿ ದಾರಿಯಲ್ಲಿ ಮೊದಲ ಮಳೆಯ ದಿನ ನನಗೆ ಹಾಗೇ ಆಯಿತು. ಧೂಳು, ಎಣ್ಣೆ, ನೀರು ಸೇರಿ ರಸ್ತೆ ಸಾಬೂನಿನ ಹಾಗಿತ್ತು. ಎದುರು ದನ. ಕಾಲು ಒತ್ತಿಯೇ ಇಟ್ಟಿದ್ದೆ, ಕಾರು ಚರಂಡಿ ಕಡೆ ಜಾರುತ್ತಿತ್ತು. ಕಾಲು ಸ್ವಲ್ಪ ಎತ್ತಿದೆ. ಚಕ್ರ ಉರುಳಿತು, ಸ್ಟಿಯರಿಂಗ್ ಮತ್ತೆ ಮಾತು ಕೇಳಿತು. ಎಬಿಎಸ್ ಇದೇ ಕೆಲಸವನ್ನು ಸೆಕೆಂಡಿಗೆ ಹಲವು ಸಲ ಮಾಡುತ್ತದೆ. ಇಲ್ಲಿ ನಿಮ್ಮ ಕಾಲೇ ಮಾಡಬೇಕು. ಯಾರೂ ಇಲ್ಲದ ಖಾಲಿ ಮೈದಾನದಲ್ಲಿ, ಮಳೆ ನಿಂತ ಮೇಲೆ, 30ರ ವೇಗದಲ್ಲಿ ಹತ್ತು ಸಲ ಅಭ್ಯಾಸ ಮಾಡಿ. ಚಕ್ರ ಕಚ್ಚುವ ಮುಂಚಿನ ಆ ಕ್ಷಣ ಪೆಡಲ್ಲಿನಲ್ಲೇ ತಿಳಿಯುತ್ತದೆ. ಅದು ತಿಳಿದ ದಿನ ನಿಮಗೆ ಎಷ್ಟು ಖುಷಿಯಾಗುತ್ತದೆ ನೋಡಿ!

ಆಮೇಲೆ ಘಾಟಿಗೆ ಹೋಗಿ. ಬೆಳಿಗ್ಗೆ ಬೇಗ, ಮಂಜಿಲ್ಲದ ದಿನ. ಏರ್‌ಬ್ಯಾಗ್ ಇಲ್ಲದ್ದು ಹೆಮ್ಮೆಯ ವಿಷಯ ಅಲ್ಲ, ಹಾಗಾಗಿ ಬೆಲ್ಟ್ ಹಾಕಿ, ನಿಮ್ಮ ಬದಿ ಬಿಡಬೇಡಿ. ಆಗುಂಬೆಯಿಂದ ಘಾಟಿ ಬುಡದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವುಗಳು. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ. ದಯವಿಟ್ಟು ಬೇಡ. ಗೇರ್‌ನಲ್ಲಿದ್ದರೆ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ, ನ್ಯೂಟ್ರಲ್‌ನಲ್ಲಿ ಎಲ್ಲ ಭಾರ ಬ್ರೇಕಿನ ಮೇಲೆ. ಎಂಜಿನ್ ಆಫ್ ಮಾಡಿದರಂತೂ ಬೂಸ್ಟರ್ ಬಲ ಕೆಲವೇ ಒತ್ತಿಗೆ ಮುಗಿದು ಪೆಡಲ್ ಕಲ್ಲಾಗುತ್ತದೆ.

ಎರಡನೇ ಗೇರ್ ಸಾಕು. ತಿರುವಿಗೆ ಮೊದಲು, ಕಾರು ನೇರ ಇರುವಾಗಲೇ ಬ್ರೇಕ್ ಮುಗಿಸಿ. ಮೂರರಿಂದ ಎರಡಕ್ಕೆ ಬರುವಾಗ ಕ್ಲಚ್ ಒತ್ತಿ, ಆಕ್ಸಿಲರೇಟರ್ ಒಮ್ಮೆ ಮೆಲ್ಲ ತಟ್ಟಿ, ಗೇರ್ ಹಾಕಿ, ಕ್ಲಚ್ ಬಿಡಿ. ಎಂಜಿನ್ ವೇಗ ಚಕ್ರಕ್ಕೆ ಹೊಂದಿದರೆ ಕಾರು ಜಗ್ಗುವುದಿಲ್ಲ. ಕಿಟಕಿ ಇಳಿಸಿಡಿ, ಶಬ್ದದಲ್ಲೇ ಗೊತ್ತಾಗುತ್ತದೆ. ಮೇಲೆ ಬರುವವರಿಗೆ ದಾರಿ ಬಿಡಿ, ಮಂಗಗಳಿಗೂ.

ಸೋಮೇಶ್ವರದಲ್ಲಿ ನಿಲ್ಲಿಸಿ, ಮುಂದಿನ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಸುಟ್ಟ ವಾಸನೆ ಬಂದರೆ ಬ್ರೇಕ್ ಜಾಸ್ತಿ ಬಳಸಿದ್ದೀರಿ. ಹದಿನೈದು ನಿಮಿಷ ಆರಲು ಬಿಡಿ. ಮುಂದಿನ ಸಲ ಎರಡನೇ ಗೇರ್ ಇನ್ನೂ ಬೇಗ ಹಾಕಿ.